ಸಾಲಿನಲ್ಲಿ ನಮ್ಮ ಮುಂದೆ ನಿಂತವರು ನಮ್ಮವರೇ

ಬೇ ಏರಿಯಾದಲ್ಲಿ ಹೆರಿಗೆಯಾದ ಕನ್ನಡತಿಯರನ್ನೋ, ಮಗಳ ಬಾಣಂತನಕ್ಕೆಂದು ಬಂದು ತಾವೇ ಆಸ್ಪತ್ರೆ ಸೇರಬೇಕಾದ ಅಮ್ಮಂದಿರನ್ನೋ ಒಮ್ಮೆ ಮಾತನಾಡಿಸಿ ನೋಡಿ. ಡಾಕ್ಟರ ಹೆಸರು ಮರೆತಿರುತ್ತದೆ. ನಡುರಾತ್ರಿ ಬಂದು ಡ್ರಿಪ್ ಬದಲಿಸಿ, ಹೊದಿಕೆ ಸರಿಮಾಡಿ, ಇಂಗ್ಲಿಷ್ ಬಾರದ ಅಮ್ಮನ ಜೊತೆಗೂ ಕೈಸನ್ನೆಯಲ್ಲೇ ನಾಲ್ಕು ಮಾತಾಡಿ ಹೋದ ಫಿಲಿಪ್ಪೀನ್ಸ್ ನರ್ಸ್ ಮಾತ್ರ ನೆನಪಿರುತ್ತಾರೆ. ಇದು ಆಕಸ್ಮಿಕವಲ್ಲ. ಕ್ಯಾಲಿಫೋರ್ನಿಯಾದ ರಿಜಿಸ್ಟರ್ಡ್ ನರ್ಸ್‌ಗಳಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರು ಫಿಲಿಪ್ಪೀನ್ಸ್ ಮೂಲದವರು. ಸ್ಯಾನ್ ಫ್ರಾನ್ಸಿಸ್ಕೊಗೆ ತಾಗಿಕೊಂಡೇ ಇರುವ ಡೇಲಿ ಸಿಟಿಯ ಜನರಲ್ಲಿ ಸುಮಾರು ಮೂರನೇ ಒಂದು ಪಾಲು ಅವರದು. ಅವರ ನಾಡಿನ ಪ್ರಸಿದ್ಧ ಹೋಟೆಲ್ ಸರಣಿ ಜಾಲಿಬೀ ಅಮೆರಿಕದ ನೆಲದಲ್ಲಿ ಮೊದಲ ಅಂಗಡಿ ತೆರೆದದ್ದೂ ಅದೇ ಊರಿನಲ್ಲಿ, 1998ರಲ್ಲಿ.

ನಮ್ಮವರು ಎಲ್ಲಿ? ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟ ಹುಟ್ಟಿ ಐವತ್ತು ವರ್ಷ ದಾಟಿದೆ. ಕೂಟದ ಯುಗಾದಿ ಊಟದ ಸಾಲಿನಲ್ಲಿ ಅಕ್ಕಪಕ್ಕ ನಿಂತವರನ್ನು ಮಾತನಾಡಿಸಿದರೆ ಸಿಗುವವರು ಬಹುತೇಕ ಸಾಫ್ಟ್‌ವೇರ್‌ನವರು, ಚಿಪ್ ಕಂಪನಿಯವರು, ಅಲ್ಲೊಬ್ಬರು ಇಲ್ಲೊಬ್ಬರು ಡಾಕ್ಟರು. ನರ್ಸ್ ಸಿಗುವುದು ಅಪರೂಪ. ನಮ್ಮಲ್ಲಿ ನರ್ಸಿಂಗ್ ಕಾಲೇಜುಗಳಿಗೇನೂ ಬರವಿಲ್ಲ. ಬೆಂಗಳೂರಿನ ಹೊರವಲಯದ ಯಾವ ರಸ್ತೆ ಹಿಡಿದರೂ ಒಂದು ಬೋರ್ಡು ಕಾಣುತ್ತದೆ. ಕೇರಳದ, ಮಣಿಪುರದ ಮಕ್ಕಳೂ ಓದಲು ಬರುವುದು ನಮ್ಮಲ್ಲಿಗೆ. ಮಂಗಳೂರು, ಉಡುಪಿಯ ನರ್ಸ್‌ಗಳು ಕುವೈತ್, ಮಸ್ಕತ್, ಸೌದಿಯ ವಾರ್ಡುಗಳಲ್ಲಿ ದಶಕಗಳಿಂದ ದುಡಿಯುತ್ತಿದ್ದಾರೆ. ಹಾಗಿದ್ದರೆ ಅಮೆರಿಕಕ್ಕೆ ಮಾತ್ರ ಯಾಕಿಲ್ಲ?

ಪರೀಕ್ಷೆ ಕಷ್ಟ, ಇಂಗ್ಲಿಷ್ ಕಷ್ಟ ಎಂದು ಊರಿನಲ್ಲಿ ಹೇಳುವುದುಂಟು. ಕಾರಣ ಅದಲ್ಲ. ಅಮೆರಿಕದಲ್ಲಿ ನರ್ಸ್ ಆಗಬೇಕಾದರೆ ಬರೆಯಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆಗೆ ಬೆಂಗಳೂರಿನಲ್ಲಿ 2006ರಲ್ಲೇ ಕೇಂದ್ರ ತೆರೆಯಿತು. ಮನಿಲಾಕ್ಕೆ ಬಂದದ್ದು 2007ರಲ್ಲಿ. ಅಂದರೆ ಪರೀಕ್ಷೆಯ ಬಾಗಿಲು ನಮಗೆ ಅವರಿಗಿಂತ ಒಂದು ವರ್ಷ ಮೊದಲೇ ತೆರೆದಿತ್ತು. ಮುಚ್ಚಿರುವುದು ಬೇರೆ ಬಾಗಿಲು.

ಹತ್ತು ವರ್ಷದ ಅಂತರ

ಹೊರದೇಶದ ನರ್ಸ್ ಅಮೆರಿಕಕ್ಕೆ ನರ್ಸ್ ಆಗಿಯೇ ಬರಲು ಇರುವ ದೊಡ್ಡ ದಾರಿ ಇಬಿ-3 ಎಂಬ ವರ್ಗದ ಗ್ರೀನ್ ಕಾರ್ಡ್. ಆಸ್ಪತ್ರೆಯೋ ನರ್ಸಿಂಗ್ ಹೋಮೋ ನಿಮ್ಮ ಹೆಸರಿನಲ್ಲಿ ಅರ್ಜಿ ಹಾಕುತ್ತದೆ. ಅಮೆರಿಕದ ಕಾರ್ಮಿಕ ಇಲಾಖೆ ನರ್ಸ್‌ಗಳನ್ನು ‘ಶೆಡ್ಯೂಲ್ ಎ’ ಎಂಬ ಪಟ್ಟಿಯಲ್ಲಿ ಇಟ್ಟಿದೆ. ಅಂದರೆ ಈ ಕೆಲಸಕ್ಕೆ ಜನ ಸಾಲದು ಎಂದು ಸರ್ಕಾರವೇ ಒಪ್ಪಿಕೊಂಡಿದೆ. ಜಾಹೀರಾತು ಕೊಟ್ಟು, ಸ್ಥಳೀಯರು ಸಿಗಲಿಲ್ಲ ಎಂದು ಸಾಬೀತು ಮಾಡುವ ತಾಪತ್ರಯ ಆಸ್ಪತ್ರೆಗೆ ಇಲ್ಲ. ಇಂಗ್ಲಿಷ್‌ಗೆ ಐಇಎಲ್‌ಟಿಎಸ್‌ನಲ್ಲಿ ಒಟ್ಟು 6.5, ಮಾತನಾಡುವುದರಲ್ಲಿ 7 ಬಂದರೆ ಆಯಿತು. ಓದು, ಲೈಸೆನ್ಸ್, ಭಾಷೆ ಮೂರನ್ನೂ ತಾಳೆ ನೋಡಿ ವೀಸಾಸ್ಕ್ರೀನ್ ಎಂಬ ಪ್ರಮಾಣಪತ್ರ ಕೊಡುವ ಸಂಸ್ಥೆಯೂ ಇದೆ. ಸಿಜಿಎಫ್‌ಎನ್‌ಎಸ್ ಎಂದಿದ್ದ ಅದರ ಹೆಸರು ಈಗ ಟ್ರುಮೆರಿಟ್. ಇಲ್ಲಿಯವರೆಗೆ ಎಲ್ಲ ಸಲೀಸು. ಆಮೇಲೆ ಶುರುವಾಗುವುದೇ ಸಾಲು.

ಇಬಿ-3 ವರ್ಗಕ್ಕೆ ವರ್ಷಕ್ಕೆ ಸಿಗುವುದು ಸುಮಾರು 40 ಸಾವಿರ ಗ್ರೀನ್ ಕಾರ್ಡ್. ಸಂಗಾತಿ, ಮಕ್ಕಳ ತಲೆಯೂ ಅದರಲ್ಲೇ ಲೆಕ್ಕ. ಒಂದೇ ದೇಶದಲ್ಲಿ ಹುಟ್ಟಿದವರಿಗೆ ಸ್ಥೂಲವಾಗಿ ಶೇ 7ಕ್ಕಿಂತ ಹೆಚ್ಚು ಕೊಡುವಂತಿಲ್ಲ. ಅಂದರೆ ಮೂರು ಸಾವಿರಕ್ಕೂ ಕಡಿಮೆ. ಬೇಡಿಕೆ ಹೆಚ್ಚಿದ ದೇಶದವರು ಅರ್ಜಿ ಹಾಕಿದ ತಾರೀಖಿನ ಪ್ರಕಾರ ಸಾಲಿನಲ್ಲಿ ನಿಲ್ಲಬೇಕು. ಆ ಸಾಲು ಎಲ್ಲಿಗೆ ಬಂತು ಎಂದು ಅಮೆರಿಕದ ವಿದೇಶಾಂಗ ಇಲಾಖೆ ಪ್ರತಿ ತಿಂಗಳೂ ವೀಸಾ ಬುಲೆಟಿನ್‌ನಲ್ಲಿ ತಿಳಿಸುತ್ತದೆ. 2025ರ ಕೊನೆಯ ತಿಂಗಳುಗಳಲ್ಲಿ ಫಿಲಿಪ್ಪೀನ್ಸ್‌ನ ಸಾಲು 2023ಕ್ಕೆ ಬಂದು ನಿಂತಿತ್ತು. ಭಾರತದ್ದು 2013ಕ್ಕೆ.

ಹತ್ತು ವರ್ಷದ ಅಂತರ! ಒಂದೇ ಓದು, ಒಂದೇ ಪರೀಕ್ಷೆ, ಒಂದೇ ಆಸ್ಪತ್ರೆಯ ಒಂದೇ ಕೆಲಸ. ಹಾಗೆಂದು ಇವತ್ತು ಸಾಲಿಗೆ ಸೇರುವ ನಮ್ಮ ಹುಡುಗಿ ಹನ್ನೆರಡು ವರ್ಷ ಕಾದರೆ ಸಾಕು ಎಂದೂ ಅಲ್ಲ. ಸಾಲು ದಿನಕ್ಕೆ ಒಂದು ದಿನದಂತೆ ಮುಂದೆ ಸರಿಯುವುದಿಲ್ಲ. ಕೆಲವು ತಿಂಗಳು ಅಲುಗಾಡುವುದೇ ಇಲ್ಲ. ಕೆಲವೊಮ್ಮೆ ಹಿಂದಕ್ಕೂ ಹೋಗುತ್ತದೆ.

ಫಿಲಿಪ್ಪೀನ್ಸ್‌ಗೂ ಇರುವುದು ಅದೇ ಶೇ 7. ಆದರೆ ಅವರ ಸಾಲಿನಲ್ಲಿ ನಿಂತವರಲ್ಲಿ ನರ್ಸ್‌ಗಳದೇ ದೊಡ್ಡ ಪಾಲು. ನಮ್ಮ ಸಾಲಿನಲ್ಲಿ? ಸನಿವೇಲ್, ಸಾಂತಾ ಕ್ಲಾರಾ, ಫ್ರಿಮಾಂಟ್‌ಗಳಲ್ಲಿ ಮನೆ ಮಾಡಿ, ಕಂಪನಿಯ ಮೂಲಕ ಅರ್ಜಿ ಹಾಕಿಸಿ ಕಾಯುತ್ತಿರುವ ನಮ್ಮದೇ ಅಣ್ಣತಮ್ಮಂದಿರು, ಅಕ್ಕತಂಗಿಯರು. ತುಮಕೂರಿನ ನರ್ಸ್‌ಗೆ ಅಡ್ಡ ನಿಂತಿರುವುದು ಮನಿಲಾದ ನರ್ಸ್ ಅಲ್ಲ, ಹಾಸನದ ಎಂಜಿನಿಯರ್. ಅವರ ತಪ್ಪೂ ಇದರಲ್ಲಿ ಇಲ್ಲ ಬಿಡಿ, ಅವರೂ ಹೈರಾಣಾಗಿದ್ದಾರೆ. ಆದರೆ ಒಂದು ವ್ಯತ್ಯಾಸ ಇದೆ. ಎಂಜಿನಿಯರ್ ಕಾಯುವುದು ಅಮೆರಿಕದೊಳಗೆ, ಎಚ್-1ಬಿ ನವೀಕರಿಸಿಕೊಳ್ಳುತ್ತ, ಡಾಲರ್ ಸಂಬಳ ಎಣಿಸುತ್ತ. ನರ್ಸ್ ಕಾಯಬೇಕಾದ್ದು ಊರಿನಲ್ಲಿ. ನರ್ಸ್‌ಗೆ ಎಚ್-1ಬಿ ಸಾಮಾನ್ಯವಾಗಿ ದಕ್ಕುವುದಿಲ್ಲ. ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ಮುಗಿಸಿದವರೂ ಇಲ್ಲಿ ರಿಜಿಸ್ಟರ್ಡ್ ನರ್ಸ್ ಆಗಬಹುದು. ಪದವಿ ಕಡ್ಡಾಯವಲ್ಲದ ಕೆಲಸಕ್ಕೆ ಆ ವೀಸಾ ಇಲ್ಲ. ನರ್ಸ್ ಪ್ರಾಕ್ಟೀಷನರ್‌ನಂಥ ಮೇಲಿನ ಹುದ್ದೆಗಳ ಮಾತು ಬೇರೆ. ಅದರ ಮೇಲೆ 2025ರ ಸೆಪ್ಟೆಂಬರಿನಲ್ಲಿ ಹೊರದೇಶದಿಂದ ಕರೆಸಿಕೊಳ್ಳುವ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಕಟ್ಟಬೇಕೆಂಬ ಆದೇಶ ಬಂದು ಆ ಕಿಂಡಿಯೂ ಮುಚ್ಚಿದಂತಾಗಿದೆ.

ನರ್ಸ್‌ಗಳಿಗೆಂದೇ ತಾತ್ಕಾಲಿಕ ವೀಸಾ ಇದ್ದ ಕಾಲವೂ ಇತ್ತು. 1989ರ ಕಾನೂನಿನಿಂದ ಬಂದ ಎಚ್-1ಎ 1995ಕ್ಕೆ ಮುಗಿಯಿತು. ಆಮೇಲೆ ಬಂದ ಎಚ್-1ಸಿ ವರ್ಷಕ್ಕೆ ಬರೀ 500. ಅದೂ 2009ರ ಡಿಸೆಂಬರಿಗೆ ಕೊನೆಯಾಯಿತು. 2005ರಲ್ಲಿ ಅಮೆರಿಕದ ಸಂಸತ್ತು ಹಳೆಯ ಲೆಕ್ಕದಲ್ಲಿ ಉಳಿದಿದ್ದ 50 ಸಾವಿರ ವೀಸಾಗಳನ್ನು ‘ಶೆಡ್ಯೂಲ್ ಎ’ ಕಸುಬಿನವರಿಗೆ ತೆಗೆದಿಟ್ಟಿತು. ಸುಮಾರು ಒಂದೂವರೆ ವರ್ಷದಲ್ಲಿ ಖಾಲಿ! ಬೆಂಗಳೂರಿನಲ್ಲಿ ಎನ್‌ಕ್ಲೆಕ್ಸ್ ತರಬೇತಿಯ ಗೀಳು ಹತ್ತಿದ್ದೂ ಅದೇ ಹೊತ್ತಿನಲ್ಲಿ. ಪರೀಕ್ಷೆ ಪಾಸಾಗಿ ಫೈಲು ಹಿಡಿದು ಕೂತ ಎಷ್ಟೋ ಮಂದಿ ಕಡೆಗೆ ದುಬೈಗೋ ಲಂಡನ್ನಿಗೋ ಹೊರಟರು.

ಒಂದು ಸಂಗತಿಯನ್ನು ಮಾತ್ರ ಕರಾವಳಿಯ ಓದುಗರು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. ಈ ಸಾಲಿನಲ್ಲಿ ನೋಡುವುದು ಪಾಸ್‌ಪೋರ್ಟನ್ನಲ್ಲ, ಹುಟ್ಟಿದ ನೆಲವನ್ನು. ಅಪ್ಪ ಅಮ್ಮ ಕೊಲ್ಲಿಯಲ್ಲಿದ್ದಾಗ ಕುವೈತಿನಲ್ಲಿ ಹುಟ್ಟಿ, ಮಂಗಳೂರಿನಲ್ಲಿ ಓದಿ ನರ್ಸ್ ಆದ ಹುಡುಗಿ ಭಾರತದ ಪಾಸ್‌ಪೋರ್ಟ್ ಹಿಡಿದಿದ್ದರೂ ಭಾರತದ ಸಾಲಿನಲ್ಲಿ ನಿಲ್ಲಬೇಕಿಲ್ಲ. ಕೈ ಹಿಡಿದವನು ಅಲ್ಲಿ ಹುಟ್ಟಿದ್ದರೂ ಅವನ ಹುಟ್ಟೂರಿನ ಲೆಕ್ಕದಲ್ಲಿ ಹೋಗಬಹುದು. ಹತ್ತು ವರ್ಷ ಉಳಿಸುವ ಈ ಮಾತು ಊರಿನ ಅನೇಕ ಏಜೆಂಟರಿಗೇ ಗೊತ್ತಿರುವುದಿಲ್ಲ.

ಅವರ ಹಾದಿ ಹಳೆಯದು

ಫಿಲಿಪ್ಪೀನ್ಸ್‌ನವರನ್ನು ಕಂಡು ಕರುಬುವ ಮುನ್ನ ಅವರ ಹಾದಿ ಎಷ್ಟು ಹಳೆಯದು ಎಂದು ತಿಳಿಯಬೇಕು. 1898ರಲ್ಲಿ ಆ ದ್ವೀಪಗಳು ಸ್ಪೇನಿನ ಕೈಯಿಂದ ಅಮೆರಿಕದ ಕೈಗೆ ಹೋದವು. ಕೆಲವೇ ವರ್ಷಗಳಲ್ಲಿ, 1906ರಲ್ಲಿ, ಇಲೊಯ್ಲೊ ಎಂಬ ಊರಿನ ಮಿಷನ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆ ಶುರುವಾಯಿತು. ಪಾಠ ಅಮೆರಿಕದ್ದು, ಭಾಷೆ ಇಂಗ್ಲಿಷ್. 1948ರ ವಿನಿಮಯ ಯೋಜನೆಯಲ್ಲಿ ‘ಕಲಿಯಲು’ ಬಂದ ನರ್ಸ್‌ಗಳನ್ನು ಅನೇಕ ಆಸ್ಪತ್ರೆಗಳು ಅಗ್ಗದ ಕೈಯಾಳುಗಳಂತೆ ದುಡಿಸಿಕೊಂಡವು. 1965ರಲ್ಲಿ ವಲಸೆ ಕಾನೂನು ಬದಲಾದ ಮೇಲೆ ಬಂದವರು ಇಲ್ಲೇ ನೆಲೆಯೂರಿದರು. ಈ ಕಥೆಯನ್ನೆಲ್ಲ ಬರ್ಕ್‌ಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಕ್ಯಾಥರೀನ್ ಸೆನಿಜಾ ಚಾಯ್ 2003ರಲ್ಲಿ ಬಂದ ‘ಎಂಪೈರ್ ಆಫ್ ಕೇರ್’ ಪುಸ್ತಕದಲ್ಲಿ ವಿವರವಾಗಿ ಬರೆದಿದ್ದಾರೆ. 1970ರ ದಶಕದಲ್ಲಿ ಮಾರ್ಕೋಸ್ ಸರ್ಕಾರ ದುಡಿಯುವ ಕೈಗಳನ್ನು ಹೊರದೇಶಕ್ಕೆ ಕಳಿಸುವುದನ್ನೇ ನೀತಿಯಾಗಿ ಮಾಡಿಕೊಂಡಿತು. ಈಗ ವಲಸೆ ದುಡಿಮೆಗಾರರಿಗೆಂದೇ ಅಲ್ಲಿ ಪ್ರತ್ಯೇಕ ಸಚಿವಾಲಯವಿದೆ. 2021ರ ಕೊನೆಯಲ್ಲಿ ಅದಕ್ಕೆ ಕಾನೂನು ಮಾಡಿದರು.

ಬೆಲೆಯನ್ನೂ ತೆತ್ತಿದ್ದಾರೆ. ಅಮೆರಿಕದ ನರ್ಸ್‌ಗಳಲ್ಲಿ ಫಿಲಿಪ್ಪೀನ್ಸ್ ಮೂಲದವರು ಸುಮಾರು ಶೇ 4. ಕೋವಿಡ್‌ನಲ್ಲಿ 2020ರ ಸೆಪ್ಟೆಂಬರಿನವರೆಗೆ ತೀರಿಕೊಂಡ ರಿಜಿಸ್ಟರ್ಡ್ ನರ್ಸ್‌ಗಳಲ್ಲಿ ಅವರು ಶೇ 31.5 ಎಂದು ಇಲ್ಲಿನ ನರ್ಸ್‌ಗಳ ಸಂಘಟನೆ ನ್ಯಾಷನಲ್ ನರ್ಸಸ್ ಯುನೈಟೆಡ್ ಲೆಕ್ಕ ಕೊಟ್ಟಿತು. ಐಸಿಯುಗಳಲ್ಲಿ, ನರ್ಸಿಂಗ್ ಹೋಮ್‌ಗಳಲ್ಲಿ ರೋಗಿಯ ಹಾಸಿಗೆಯ ಪಕ್ಕದ ಕೆಲಸಗಳಲ್ಲಿ ಅವರೇ ಹೆಚ್ಚಾಗಿದ್ದರು.

ಮದುಮಗಳಾಗಿ ಬಂದವರು

ಬೇ ಏರಿಯಾದಲ್ಲಿ ಕನ್ನಡದ ನರ್ಸ್‌ಗಳು ಇಲ್ಲವೇ ಇಲ್ಲ ಎಂದಲ್ಲ. ಇದ್ದಾರೆ. ಆದರೆ ನನಗೆ ಪರಿಚಯವಿರುವವರಲ್ಲಿ ಹೆಚ್ಚಿನವರು ಬಂದದ್ದು ನರ್ಸ್ ಆಗಿ ಅಲ್ಲ, ಮದುಮಗಳಾಗಿ.

ಒಬ್ಬರು ಚಿತ್ರದುರ್ಗದ ಕಡೆಯವರು. ಹೆಸರು ಬೇಡ ಎಂದಿದ್ದಾರೆ. ಬೆಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್, ಆಮೇಲೆ ಐದು ವರ್ಷ ಐಸಿಯುನಲ್ಲಿ ಕೆಲಸ. ಗಂಡನ ಹಿಂದೆ ಎಚ್-4 ವೀಸಾದಲ್ಲಿ ಫ್ರಿಮಾಂಟಿಗೆ ಬಂದರು. ಎಚ್-4 ಎಂದರೆ ಅವಲಂಬಿತರ ವೀಸಾ, ದುಡಿಯುವಂತಿಲ್ಲ. ಐಸಿಯುನಲ್ಲಿ ಒಂದೇ ಪಾಳಿಯಲ್ಲಿ ಎರಡು ಜೀವ ಉಳಿಸಿದವಳು ಇಲ್ಲಿ ಬೆಳಗ್ಗೆ ಎದ್ದು ಯಾರ ಬಟ್ಟೆ ಮಡಚಲಿ ಎಂದು ಕೂರುತ್ತಿದ್ದೆ ಎನ್ನುತ್ತಾರೆ ಅವರು. ಇಂಥವರಿಗೆ ಬಾಗಿಲು ತೆರೆದದ್ದು 2015ರ ಮೇ 26ರಂದು ಜಾರಿಗೆ ಬಂದ ನಿಯಮ. ಎಚ್-1ಬಿಯಲ್ಲಿರುವ ಸಂಗಾತಿಯ ಗ್ರೀನ್ ಕಾರ್ಡ್ ಅರ್ಜಿಯ ಐ-140 ಹಂತ ಮಂಜೂರಾಗಿದ್ದರೆ, ಎಚ್-4ರಲ್ಲಿ ಇರುವವರು ಕೆಲಸದ ಪರವಾನಗಿ, ಅಂದರೆ ಇಎಡಿ, ಪಡೆಯಬಹುದು.

ಗಂಡನ ಕಾಗದ ಆ ಹಂತಕ್ಕೆ ಬರಲು ಮೂರು ವರ್ಷ ಹಿಡಿಯಿತು. ಆದರೆ ಈಕೆ ಸುಮ್ಮನೆ ಕೂರಲಿಲ್ಲ. ಕ್ಯಾಲಿಫೋರ್ನಿಯಾದ ನರ್ಸಿಂಗ್ ಮಂಡಳಿಗೆ ಅರ್ಜಿ ಹಾಕಲು ಸೋಷಿಯಲ್ ಸೆಕ್ಯೂರಿಟಿ ಸಂಖ್ಯೆಯೇ ಆಗಬೇಕೆಂದಿಲ್ಲ. ತೆರಿಗೆಗೆಂದು ಕೊಡುವ ಐಟಿಐಎನ್ ಸಂಖ್ಯೆ ಇದ್ದರೂ ನಡೆಯುತ್ತದೆ. ಇಎಡಿ ಬರುವವರೆಗೆ ಕಾಯದೆ ಲೈಸೆನ್ಸಿನ ಕೆಲಸ ಮೊದಲೇ ಶುರು ಮಾಡಬಹುದು. ಇನ್ನೊಂದು ಅನುಕೂಲವೂ ಇದೆ. ಇವರು ನರ್ಸ್ ಎಂಬ ನೆಲೆಯಲ್ಲಿ ವಲಸೆ ಅರ್ಜಿ ಹಾಕುತ್ತಿಲ್ಲವಾದ್ದರಿಂದ ವೀಸಾಸ್ಕ್ರೀನ್ ಬೇಕಿಲ್ಲ.

ಎಡವಿದ್ದು ಕಾಗದದಲ್ಲಿ. ಕ್ಯಾಲಿಫೋರ್ನಿಯಾದ ನಿಯಮದ ಪ್ರಕಾರ ಪ್ರತಿ ವಿಷಯದ ಪಾಠವೂ ಅದರ ವಾರ್ಡಿನ ತರಬೇತಿಯೂ ಒಂದೇ ಅವಧಿಯಲ್ಲಿ ಜೊತೆಜೊತೆಯಾಗಿ ನಡೆದಿರಬೇಕು. ಮನೋರೋಗ ಶುಶ್ರೂಷೆಯ ಪಾಠ ಎರಡನೇ ವರ್ಷ, ಅದರ ವಾರ್ಡು ಕೆಲಸ ಮೂರನೇ ವರ್ಷ ಎಂದು ಕಾಗದದಲ್ಲಿ ಇದ್ದರೆ ಕೊರತೆ ಎಂದು ಬರೆದು ಕಳಿಸುತ್ತಾರೆ. ಕಳೆದ ಒಂದೂವರೆ ದಶಕದಲ್ಲಿ ಈ ಒಂದು ನಿಯಮದಿಂದ ಫಿಲಿಪ್ಪೀನ್ಸ್‌ನ ಎಷ್ಟೋ ಪದವೀಧರರು ಇಲ್ಲಿನ ಕಾಲೇಜಿನಲ್ಲಿ ಹೆರಿಗೆ, ಮಕ್ಕಳು, ಮನೋರೋಗ ವಿಷಯಗಳನ್ನು ಮತ್ತೆ ಓದಬೇಕಾಯಿತು. ಕೆಲವರು ಬೇರೆ ರಾಜ್ಯಕ್ಕೆ ಹೋದರು. ನಮ್ಮ ಚಿತ್ರದುರ್ಗದಾಕೆಗೂ ಅಂಥದೇ ಪತ್ರ ಬಂತು. ವಾಸ್ತವದಲ್ಲಿ ಪಾಠ, ತರಬೇತಿ ಎರಡೂ ಒಟ್ಟಿಗೇ ನಡೆದಿದ್ದವು. ಫಾರಂ ತುಂಬಿದ ಗುಮಾಸ್ತರು ಗಂಟೆಗಳನ್ನೆಲ್ಲ ಕೊನೆಯ ವರ್ಷಕ್ಕೆ ಸೇರಿಸಿ ಬರೆದಿದ್ದರು. ಊರಿನಲ್ಲಿದ್ದ ತಮ್ಮ ಮೂರು ಸಲ ಬೆಂಗಳೂರಿಗೆ ಓಡಾಡಿ, ಕಾಲೇಜಿನ ಹಳೆಯ ಹಾಜರಾತಿ ಪುಸ್ತಕ ತೆಗೆಸಿ ಸರಿಮಾಡಿಸಿ ಕಳಿಸುವಷ್ಟರಲ್ಲಿ ಹನ್ನೊಂದು ತಿಂಗಳು ಕಳೆದಿತ್ತು.

ಪರೀಕ್ಷೆಯ ಬಗ್ಗೆ ಅವರಿಗೆ ಹೇಳಲು ಹೆಚ್ಚೇನೂ ಇಲ್ಲ. ಕಂಪ್ಯೂಟರ್ ನಿಮ್ಮ ಉತ್ತರ ನೋಡಿ ಮುಂದಿನ ಪ್ರಶ್ನೆ ಆರಿಸುತ್ತದೆ. ಈಗಿನ ಮಾದರಿಯಲ್ಲಿ 85ರಿಂದ 150 ಪ್ರಶ್ನೆ, ಐದು ಗಂಟೆ. ಪಾಸೋ ಫೇಲೋ ಎಂದು ಅದಕ್ಕೆ ಖಾತ್ರಿಯಾದ ಕೂಡಲೇ ನಿಂತುಬಿಡುತ್ತದೆ. ಇವರ ಪರದೆ 85ಕ್ಕೇ ಆರಿಹೋಯಿತು. ಕಾರಿನಲ್ಲಿ ಕೂತು ಅತ್ತರಂತೆ. ಪಾಸಾಗಿತ್ತು.

ಕೆಲಸ ಹುಡುಕುವುದು ಅದಕ್ಕಿಂತ ಕಷ್ಟವಾಯಿತು. ದೊಡ್ಡ ಆಸ್ಪತ್ರೆಗಳಿಗೆ ಹಾಕಿದ ಅರ್ಜಿಗಳಿಗೆ ಉತ್ತರವೇ ಇಲ್ಲ. ಇಲ್ಲಿ ಹೊಸದಾಗಿ ಓದು ಮುಗಿಸಿದವರಿಗೆ ತರಬೇತಿ ಹುದ್ದೆಗಳಿವೆ, ಅನುಭವಿಗಳಿಗೆ ಕೆಲಸವಿದೆ. ಬೆಂಗಳೂರಿನ ಐದು ವರ್ಷದ ಅನುಭವ ಎರಡರ ಲೆಕ್ಕಕ್ಕೂ ಬರಲಿಲ್ಲ. ಕಡೆಗೆ ಸಿಕ್ಕಿದ್ದು ಹೇವರ್ಡ್‌ನ ಒಂದು ನರ್ಸಿಂಗ್ ಹೋಮಿನಲ್ಲಿ ರಾತ್ರಿ ಪಾಳಿ. ಅಲ್ಲಿ ಮುಖ್ಯ ನರ್ಸ್ ಫಿಲಿಪ್ಪೀನ್ಸ್‌ನ ಹಿರಿಯಾಕೆ. ಎಲ್ಲರೂ ಅವರನ್ನು ‘ಆತೆ’ ಎನ್ನುತ್ತಿದ್ದರು. ನಮ್ಮಾಕೆಗೆ ಮೊದಲ ವಾರ ಅದು ‘ಅತ್ತೆ’ ಎಂದೇ ಕೇಳಿಸಿ, ಇವರಿಗೆಲ್ಲ ಒಬ್ಬರೇ ಅತ್ತೆ ಹೇಗೆ ಎಂದು ತಲೆ ಕೆಡಿಸಿಕೊಂಡಿದ್ದರಂತೆ. ಟಗಾಲೊಗ್ ಭಾಷೆಯಲ್ಲಿ ಆತೆ ಎಂದರೆ ಅಕ್ಕ. ಆ ಅಕ್ಕನೇ ಯಾವ ಸರ್ಟಿಫಿಕೇಟ್ ಮಾಡಿಕೊಳ್ಳಬೇಕು, ಯಾವ ಆಸ್ಪತ್ರೆ ದಿನಗೂಲಿಯಂತೆ ಪಾಳಿಗೆ ಕರೆಯುತ್ತದೆ, ಅದರಿಂದ ಖಾಯಂ ಕೆಲಸಕ್ಕೆ ಹೇಗೆ ದಾಟಬೇಕು ಎಂದು ಹೇಳಿಕೊಟ್ಟರು. ಡೇಲಿ ಸಿಟಿಯ ಯಾವ ಹೊಸ ಹುಡುಗಿಗೂ ಇಂಥ ಹತ್ತು ಅಕ್ಕಂದಿರು ಸಿಗುತ್ತಾರೆ. ನಮ್ಮ ಹುಡುಗಿಗೆ ಕನ್ನಡದ ಅಕ್ಕ ಒಬ್ಬರೂ ಸಿಗಲಿಲ್ಲ. ನಮ್ಮ ಕೂಟಗಳಲ್ಲಿ ರೆಸ್ಯೂಮೆ ತಿದ್ದಿಕೊಡುವ ಹಿರಿಯರಿದ್ದಾರೆ. ಆದರೆ ಅವರು ತಿದ್ದುವುದು ಎಂಜಿನಿಯರ್‌ಗಳ ರೆಸ್ಯೂಮೆ.

ಒಂದೂವರೆ ವರ್ಷದ ಮೇಲೆ ಆಸ್ಪತ್ರೆಯ ಕೆಲಸ ಸಿಕ್ಕಿತು. ಸ್ಯಾನ್ ಫ್ರಾನ್ಸಿಸ್ಕೊ, ಸ್ಯಾನ್ ಹೊಸೆ ಸುತ್ತಮುತ್ತ ನರ್ಸ್‌ಗಳ ಸರಾಸರಿ ಸಂಬಳ ವರ್ಷಕ್ಕೆ ಒಂದೂವರೆ ಲಕ್ಷ ಡಾಲರ್ ದಾಟುತ್ತದೆ; ದೇಶದಲ್ಲೇ ಇದು ಮೊದಲ ಸಾಲಿನದು. ಬಾಡಿಗೆಯೂ ಮೊದಲ ಸಾಲಿನದೇ ಅನ್ನಿ. ಅವರಿಗೆ ಸಂಬಳಕ್ಕಿಂತ ಹಿಡಿಸಿದ್ದು ಬೇರೆ. ಒಬ್ಬ ನರ್ಸ್ ಎಷ್ಟು ರೋಗಿಗಳನ್ನು ನೋಡಬೇಕೆಂದು ಕಾನೂನು ಮಾಡಿದ ಮೊದಲ ರಾಜ್ಯ ಕ್ಯಾಲಿಫೋರ್ನಿಯಾ. 1999ರಲ್ಲಿ ಕಾನೂನಾಗಿ 2004ರಿಂದ ಅಳತೆ ಜಾರಿಗೆ ಬಂತು: ಸಾಮಾನ್ಯ ವಾರ್ಡಿನಲ್ಲಿ ಈಗ ಐವರಿಗೆ ಒಬ್ಬರು, ಐಸಿಯುನಲ್ಲಿ ಇಬ್ಬರಿಗೆ ಒಬ್ಬರು. ಬೆಂಗಳೂರಿನಲ್ಲಿ ಓದುವಾಗಲೇ ಇಪ್ಪತ್ತು ಹಾಸಿಗೆಯ ವಾರ್ಡನ್ನು ಒಬ್ಬಳೇ ಸುತ್ತಿದ್ದವರಿಗೆ ಇದು ಬೇರೆಯೇ ಲೋಕ.

ಆದರೂ ನೆಲ ಗಟ್ಟಿಯಿಲ್ಲ. ಇವರ ಇಎಡಿ ನಿಂತಿರುವುದು ಗಂಡನ ಎಚ್-1ಬಿ ಮೇಲೆ. ಗಂಡನ ಕೆಲಸ ಹೋದರೆ ಸಾಮಾನ್ಯವಾಗಿ ಸಿಗುವುದು 60 ದಿನ. ಅಷ್ಟರಲ್ಲಿ ಅವರಿಗೆ ಇನ್ನೊಂದು ಕೆಲಸ ಸಿಗದಿದ್ದರೆ ಇವರ ಪರವಾನಗಿಯೂ ಬಿದ್ದುಹೋಗುತ್ತದೆ. ಇಷ್ಟು ದೊಡ್ಡ ಸಂಬಳದ, ಊರೆಲ್ಲ ಜನ ಬೇಕೆಂದು ಹುಡುಕುವ ಕೆಲಸ ಕೈಯಲ್ಲಿದ್ದರೂ ಅದರ ಬಲದ ಮೇಲೆ ಸಂಸಾರವನ್ನು ಇಲ್ಲಿ ಉಳಿಸಿಕೊಳ್ಳಲು ಆಗುವುದಿಲ್ಲ. ಇನ್ನೊಂದು ಹೊಸ ತಲೆನೋವು: ಮೊದಲೆಲ್ಲ ನವೀಕರಣದ ಅರ್ಜಿ ಹಾಕಿದ್ದರೆ ಹಳೆಯ ಇಎಡಿ ತಾನಾಗಿ ಕೆಲಕಾಲ ಮುಂದುವರಿಯುತ್ತಿತ್ತು. 2025ರ ಅಕ್ಟೋಬರ್ 30ರಿಂದ ಹಾಕುವ ಅರ್ಜಿಗಳಿಗೆ ಆ ಸೌಲಭ್ಯ ಇಲ್ಲ. ಕಾರ್ಡಿನ ಅವಧಿ ಮುಗಿದ ಮರುದಿನ ಪಾಳಿಗೆ ಹೋಗುವಂತಿಲ್ಲ. ಹಾಗಾಗಿ ಎಚ್-4ರ ನರ್ಸ್‌ಗಳು ಅವಧಿ ಮುಗಿಯುವ 180 ದಿನ ಮೊದಲೇ, ಅವಕಾಶ ತೆರೆದ ದಿನವೇ, ಅರ್ಜಿ ಕಳಿಸುವುದು ಕ್ಷೇಮ.

ಸಹಿಗೆ ಮುನ್ನ

ನೇರ ದಾರಿಯಲ್ಲಿ ಬರುವವರಿಗೆ, ಮುಖ್ಯವಾಗಿ ಕೊಲ್ಲಿಯಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ, ಎದುರಾಗುವುದು ಒಪ್ಪಂದದ ಕಾಗದ. ಎರಡು ಮೂರು ವರ್ಷ ಇಲ್ಲೇ ಇರಬೇಕು, ಬಿಟ್ಟರೆ ಇಷ್ಟು ಸಾವಿರ ಡಾಲರ್ ಕಟ್ಟಬೇಕು ಎಂಬ ಷರತ್ತು ಅದರಲ್ಲಿ ಇರುತ್ತದೆ. ಫಿಲಿಪ್ಪೀನ್ಸ್‌ನವರು ಇದರಲ್ಲಿ ಸಾಕಷ್ಟು ಪೆಟ್ಟು ತಿಂದಿದ್ದಾರೆ. 2006ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಸೆಂಟೋಸಾ ಸಮೂಹದ ನರ್ಸಿಂಗ್ ಹೋಮ್ ಒಂದರಲ್ಲಿ, ಕೊಟ್ಟ ಮಾತಿನಂತೆ ನಡೆದುಕೊಂಡಿಲ್ಲ ಎಂದು 10 ನರ್ಸ್‌ಗಳು ರಾಜೀನಾಮೆ ಕೊಟ್ಟರು. ರೋಗಿಗಳನ್ನು ಅಪಾಯಕ್ಕೆ ಒಡ್ಡಿದರೆಂದು ಅವರ ಮೇಲೆ, ಸಲಹೆ ಕೊಟ್ಟ ವಕೀಲರ ಮೇಲೆ ಕ್ರಿಮಿನಲ್ ಕೇಸು ಬಿತ್ತು. ಕೆಲಸ ಬಿಟ್ಟದ್ದಕ್ಕೆ ಶಿಕ್ಷಿಸುವುದು ಜೀತ ನಿಷೇಧಿಸುವ ಸಂವಿಧಾನದ 13ನೇ ತಿದ್ದುಪಡಿಗೆ ವಿರುದ್ಧ ಎಂದು ಮೇಲಿನ ಕೋರ್ಟು 2009ರ ಜನವರಿಯಲ್ಲಿ ಅದನ್ನು ತಡೆಯಿತು. ಅದೇ ಸಮೂಹದ ಒಪ್ಪಂದದಲ್ಲಿದ್ದ 25 ಸಾವಿರ ಡಾಲರ್ ದಂಡದ ಷರತ್ತು ಮಾನವ ಕಳ್ಳಸಾಗಣೆ ತಡೆ ಕಾನೂನಿಗೆ ವಿರುದ್ಧ ಎಂದು 2019ರಲ್ಲಿ ಫೆಡರಲ್ ಕೋರ್ಟು ತೀರ್ಪು ಕೊಟ್ಟಿತು.

ಕ್ಯಾಲಿಫೋರ್ನಿಯಾ ಈಗ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಕೆಲಸ ಬಿಟ್ಟರೆ ದುಡ್ಡು ಕಟ್ಟು ಎನ್ನುವ ಷರತ್ತುಗಳಲ್ಲಿ ಬಹುತೇಕವನ್ನು ನಿಷೇಧಿಸುವ ಕಾನೂನು 2025ರ ಅಕ್ಟೋಬರಿನಲ್ಲಿ ಬಂತು. 2026ರ ಜನವರಿ 1ರಿಂದ ಆಗುವ ಒಪ್ಪಂದಗಳಿಗೆ ಅದು ಅನ್ವಯ. ಮಸೂದೆ ಮಂಡಿಸಿದವರು ಸ್ಯಾನ್ ಹೊಸೆಯ ಶಾಸಕ, ಭಾರತೀಯ ಮೂಲದ ಆ್ಯಶ್ ಕಾಲ್ರಾ. ಆದರೆ ಇದು ಕ್ಯಾಲಿಫೋರ್ನಿಯಾದ ಮಾತು. ಬೇರೆ ರಾಜ್ಯದ ಕೆಲಸಕ್ಕೆ ಸಹಿ ಹಾಕುವವರಿಗೆ ಈ ಆಸರೆ ಇಲ್ಲ. ನೌಕರಿ ಕೊಡಿಸುತ್ತೇವೆಂದು ನರ್ಸ್‌ನಿಂದಲೇ ಲಕ್ಷಗಟ್ಟಲೆ ಕೇಳುವ ಏಜೆಂಟನ ಬಾಗಿಲಿಗೆ ಹೋಗಲೇಬೇಡಿ. ಏಜೆಂಟನಿಗೆ ಕೇಂದ್ರ ಸರ್ಕಾರದ ನೋಂದಣಿ ಇದೆಯೇ ಎಂದು ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ಕೇರಳದಲ್ಲಿ ನೋರ್ಕಾ ಇರುವಂತೆ ನಮ್ಮಲ್ಲೂ ಕೌಶಲ್ಯಾಭಿವೃದ್ಧಿ ನಿಗಮದ ಅಡಿಯಲ್ಲಿ ಅಂತಾರಾಷ್ಟ್ರೀಯ ವಲಸೆ ಕೇಂದ್ರವಿದೆ. ಅದರ ಹೆಸರು ಕೇಳಿದ ನರ್ಸಿಂಗ್ ವಿದ್ಯಾರ್ಥಿಗಳನ್ನು ನಾನು ಹೆಚ್ಚು ಕಂಡಿಲ್ಲ.

ಊರಿನಲ್ಲಿ ಹುಟ್ಟಿ, ಊರಿನಲ್ಲೇ ಇರುವ, ಮೂವತ್ತರೊಳಗಿನ ನರ್ಸ್ ನನ್ನನ್ನು ಕೇಳಿದರೆ ಅಮೆರಿಕದ ಇಬಿ-3 ಒಂದನ್ನೇ ನೆಚ್ಚಿ ಕೂರಬೇಡ ಎನ್ನುತ್ತೇನೆ. ಅರ್ಜಿ ಹಾಕುವ ಆಸ್ಪತ್ರೆ ಸಿಕ್ಕರೆ ಹಾಕಿಸಿ, ಸಾಲಿನ ತಾರೀಖು ನಿಮ್ಮದಾಗಲಿ. ಆದರೆ ಬದುಕನ್ನು ಅದಕ್ಕೆ ಕಟ್ಟಿಹಾಕಬೇಡಿ. ಎನ್‌ಕ್ಲೆಕ್ಸ್ ಬರೆದದ್ದು ವ್ಯರ್ಥವಾಗುವುದಿಲ್ಲ. ಕೆನಡಾ 2015ರಿಂದ ಅದೇ ಪರೀಕ್ಷೆಯನ್ನು ಬಳಸುತ್ತಿದೆ. ಆಸ್ಟ್ರೇಲಿಯಾವೂ 2020ರಿಂದ ಹೊರದೇಶದ ನರ್ಸ್‌ಗಳ ಬರಹದ ಪರೀಕ್ಷೆಯಾಗಿ ಅದನ್ನೇ ಇಟ್ಟುಕೊಂಡಿದೆ. ಆಮೇಲೆ ಅಲ್ಲಿ ಒಂದು ಪ್ರಾಯೋಗಿಕ ಪರೀಕ್ಷೆ. ಪರೀಕ್ಷೆಗೆ 200 ಡಾಲರ್, ಅಮೆರಿಕದ ಹೊರಗೆ ಬರೆದರೆ ಮೇಲೆ 150. ಬ್ರಿಟನ್ನಿಗೆ ಬೇರೆ ಪರೀಕ್ಷೆ. ಜರ್ಮನಿಗೆ ಮೊದಲು ಭಾಷೆ, ಬಿ2 ಮಟ್ಟದವರೆಗೆ. ಒಂದು ವರ್ಷವಾದರೂ ಅದಕ್ಕೆಂದು ಕೂರಬೇಕು.

ಎಲ್ಲಿಗೆ ಹೊರಟರೂ ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ಕ್ಯಾಲಿಫೋರ್ನಿಯಾ ಮಂಡಳಿ ನೀವು ಕಳಿಸಿದ ಅಂಕಪಟ್ಟಿಯ ನಕಲನ್ನು ಒಪ್ಪುವುದಿಲ್ಲ. ವಿಷಯವಾರು ಪಾಠದ ಗಂಟೆ, ವಾರ್ಡಿನ ಗಂಟೆ, ಯಾವ ತಿಂಗಳಿನಿಂದ ಯಾವ ತಿಂಗಳು ಎಂಬ ವಿವರ ಕಾಲೇಜಿನಿಂದಲೇ ನೇರವಾಗಿ ಹೋಗಬೇಕು. ಆದರೂ ಆ ವಿವರದ ಒಂದು ಪ್ರತಿ, ಪ್ರತಿ ವಾರ್ಡಿನ ಪೋಸ್ಟಿಂಗ್ ತಾರೀಖುಗಳು, ರಾಜ್ಯ ನರ್ಸಿಂಗ್ ಕೌನ್ಸಿಲ್ ನೋಂದಣಿಯ ಕಾಗದ ನಿಮ್ಮ ಕೈಯಲ್ಲಿರಲಿ. ಎರಡು ಸಾವಿರದ ಇಸವಿಯ ನಂತರದ ಅಬ್ಬರದಲ್ಲಿ ಬೆಂಗಳೂರಿನಲ್ಲಿ ಎದ್ದ ಕಾಲೇಜುಗಳಲ್ಲಿ ಕೆಲವು ಈಗ ಇಲ್ಲ. ಅಲ್ಲಿ ಓದಿದವರು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಬಾಗಿಲಿಗೆ ಅಲೆಯಬೇಕು. ನಿಮ್ಮ ಕಾಲೇಜು ಇನ್ನೂ ಇದ್ದರೆ, ಫಾರಂ ತುಂಬುವವರ ಪಕ್ಕ ನೀವೇ ಕೂತು ಮನೋರೋಗ ವಿಭಾಗದ ಸಾಲನ್ನು ಒಮ್ಮೆ ಓದಿಸಿ ಕೇಳಿ, ಆಮೇಲೆ ಲಕೋಟೆಗೆ ಸೀಲು ಹಾಕಿಸಿ.